ಮಾವನವರ ಹಸಿರು, ನನ್ನ ಮಗಳ ಮದುವೆ

ನಮ್ಮ ಮಾವನವರು ತೀರಿಹೋಗಿ ವರ್ಷಗಳಾದವು, ಅವರ ಉಪದ್ರ ಮಾತ್ರ ಇನ್ನೂ ತೀರಿಲ್ಲ. ನೆಂಟರು ನಾಲ್ಕು ಜನ ಕೂತರೆ ಸಾಕು, ಯಾರಾದರೂ ಅವರದೊಂದು ಕಥೆ ತೆಗೆಯುತ್ತಾರೆ, ಉಳಿದವರು ಹೊಟ್ಟೆ ಹಿಡಿದು ನಗುತ್ತಾರೆ. ನಗುವವರಿಗೇನು ಕಷ್ಟ? ಸೊಸೆಯಾಗಿ ಏಗಿದವಳು ನಾನು.

ಉಡುಪಿ ಕಡೆಯಿಂದ ಬಂದು ಮದರಾಸಿನ ವಡಪಳನಿಯಲ್ಲಿ ಹೋಟೆಲು ಕಟ್ಟಿದ ಮನುಷ್ಯ. ಗಿರಾಕಿಗೆ ಬೈದದ್ದುಂಟು, ಗಿಡಕ್ಕೆ ಬೈದದ್ದಿಲ್ಲ. ನನಗೋ ಆಗ ಒಂದೇ ಚಿಂತೆ: ಮಗಳಿಗೆ ಮದುವೆ ಆಗಬೇಕು.

ಫ್ಯಾನಿನ ಮೇಲೆ ಗುಬ್ಬಿ

ಮೊದಲ ಗಂಡಿನವರು ಬಂದದ್ದು ಮೇ ತಿಂಗಳಲ್ಲಿ. ಮದರಾಸಿನ ಸೆಕೆ ಕೇಳಬೇಕೇ? ಫ್ಯಾನ್ ಹಾಕೋಣವೆಂದರೆ ಸ್ವಿಚ್ಚಿನ ಮೇಲೆ ಮಾವ ಬಟ್ಟೆ ಕಟ್ಟಿಟ್ಟಿದ್ದಾರೆ!

"ಫ್ಯಾನ್ ಕೆಟ್ಟಿದೆಯಾ?" ಎಂದಳು ಹುಡುಗನ ತಾಯಿ. ಮುಖದ ಪೌಡರು ಇಳಿದು ಕುತ್ತಿಗೆಗೆ ಬಂದಿತ್ತು.

"ಸರಿಯಾಗೇ ಉಂಟು. ಮೇಲೆ ಗುಬ್ಬಿ ಮೊಟ್ಟೆ ಇಟ್ಟಿದೆ. ಮರಿ ಹಾರಿದ ಮೇಲೆ ಬನ್ನಿ, ಜೋರಾಗಿ ಹಾಕುತ್ತೇನೆ," ಎಂದರು ಮಾವ.

ಗಂಡಿನವರು ಕೇಸರಿಬಾತ್ ಮುಟ್ಟದೆ ಎದ್ದರು. ನಾನು ತಲೆ ಚಚ್ಚಿಕೊಂಡೆ.

"ಹೋಗಲಿ ಬಿಡು ಮಾರಾಯ್ತಿ. ಸೆಕೆ ತಡೆಯದವನು ಸಂಸಾರ ತಡೆಯುತ್ತಾನಾ?" ಎಂದರು ಮಾವ.

ಪಾರಿಜಾತದ ಪ್ರಕರಣ

ಎರಡು ಸಾವಿರ ಇಸವಿ ದಾಟಿ, ಊರಿಗೆ ನೀರಿನ ಬರ ಬಂತು. ಲಾರಿಯ ಹಿಂದೆ ಓಡಿ, ಪಕ್ಕದ ಮನೆಯವಳ ಜುಟ್ಟು ಹಿಡಿದು ನಾನು ತುಂಬಿಸಿದ ಕೊಡ ಬೆಳಗಾಗುವಷ್ಟರಲ್ಲಿ ಮಾಯ. ಹಿಂಬಾಲಿಸಿ ನೋಡಿದರೆ, ಮಾವ ಕೊಡ ಹೊತ್ತು ಬೀದಿ ತುದಿಯ ವಿಧವೆ ಟೀಚರಮ್ಮನ ಗೇಟು ತೆಗೆಯುತ್ತಿದ್ದಾರೆ! ಅವಳ ಅಂಗಳದ ಪಾರಿಜಾತ ಒಣಗುತ್ತಿತ್ತಂತೆ.

ಬೀದಿಯ ಬಾಯಿಗೆ ಬೀಗ ಉಂಟೇ? ಬೇರೆಯವರ ಮಾವನಾಗಿದ್ದರೆ ನಾನೂ ನಾಲ್ಕು ಮಾತು ಸೇರಿಸುತ್ತಿದ್ದೆ. ಅದೇ ಹೊತ್ತಿಗೆ ಹೊಸ ಸಂಬಂಧದ ಕಡೆಯಿಂದ ಹುಡುಗನ ಸೋದರಮಾವ ವಿಚಾರಿಸಲು ಬಂದ. ಇಸ್ತ್ರಿ ಅಂಗಡಿಯವಳು, "ತಾತಾ ತುಂಬ ನಲ್ಲವರು. ದಿನಾ ಬೆಳಿಗ್ಗೆ ಆ ಅಮ್ಮನ ಮನೆಯಲ್ಲೇ," ಎಂದಳಂತೆ. ಅವಳ ತಮಿಳಿನಲ್ಲಿ ನಲ್ಲವರೆಂದರೆ ಒಳ್ಳೆಯವರು; ಅವನ ಕಿವಿಗೆ ಬಿದ್ದದ್ದು ಕನ್ನಡದ ನಲ್ಲ.

ಹುಡುಗ ನನ್ನ ಮಗಳನ್ನೇ ಕಟ್ಟಿಕೊಳ್ಳುತ್ತೇನೆಂದು ಹಠ ಹಿಡಿದದ್ದಕ್ಕೆ ಸಂಬಂಧ ಉಳಿಯಿತು. ಆದರೆ ಆ ಸೋದರಮಾವ, "ಇನ್ನೊಂದು ಎಡವಟ್ಟಾದರೆ ಮಂಟಪದಿಂದಲೇ ಎಬ್ಬಿಸಿಕೊಂಡು ಹೋಗುತ್ತೇವೆ," ಎಂದು ಬೆರಳು ತೋರಿಸಿ ಹೋದ.

"ಜನ ಏನು ಹೇಳುತ್ತಾರೆ ಗೊತ್ತುಂಟಾ ಮಾವ?" ಎಂದು ನಾನು ಕೂಗಾಡಿದೆ.

"ಜನರಿಗೆ ನೀರು ಹಾಕಿದರೆ ಹೂ ಬಿಡುತ್ತಾರಾ?"

ಗಟ್ಟಿಮೇಳ

ಮದುವೆಯ ದಿನ ಮಂಟಪಕ್ಕೆ ಮಾವಿನ ಸೊಪ್ಪು ತಂದವರು ಮಾವನೇ. ತಿರುವೊಟ್ಟಿಯೂರಿನ ಗೆಳೆಯರೊಬ್ಬರ ತೋಟದ್ದು. ಮರಕ್ಕೆ ಕೈಮುಗಿದು ಕೊಯ್ದರಂತೆ. ಕಟ್ಟುವವನು ಕೊಡವಲು ಹೋದರೆ, "ಕೊಡವಬೇಡ, ಎಲೆಯಲ್ಲಿ ಕೆಂಪಿರುವೆ ಸಂಸಾರ ಮಾಡಿಕೊಂಡಿದೆ," ಎಂದು ತಡೆದರು. ಅದು ನನಗೆ ಗೊತ್ತಾದದ್ದು ಆಮೇಲೆ.

ಮುಹೂರ್ತ ಹತ್ತಿರ ಬಂತು. ಆ ಸೋದರಮಾವ, ತನಗೆ ಕೊಟ್ಟ ಕಾಫಿ ತಣ್ಣಗಿದೆಯೆಂದು ರಾಮಾಯಣ ತೆಗೆದ. "ಇದು ಮರ್ಯಾದೆಯಾ? ಏಳೋ, ಹೋಗೋಣ!" ಎಂದು ಗಂಡಿಗೆ ಕೂಗಿದ.

ಗಂಡು ಎದ್ದೇಬಿಟ್ಟ! ಎದ್ದವನು "ಅಯ್ಯಯ್ಯೋ!" ಎನ್ನುತ್ತ ಎರಡೂ ಕೈ ಮೇಲೆತ್ತಿ ಬೀಸತೊಡಗಿದ. ಇರುವೆಗಳು ಕಚ್ಚೆಯೊಳಗೆ ಇಳಿದಿದ್ದವು.

ವಾಲಗದವರಿಗೆ ಅದೇನು ತಿಳಿಯಬೇಕು? ಮಂಟಪದಲ್ಲಿ ಕೈ ಬೀಸಿದರೆ ಗಟ್ಟಿಮೇಳ. ಡೋಲು ಬಡಿದೇ ಬಡಿದರು. ಮೇಳ ಕೇಳಿ ಇಡೀ ಛತ್ರ ಅಕ್ಷತೆ ಎರಚಿತು. ಪುರೋಹಿತರು ಗಾಬರಿಯಾಗಿ, "ಮೇಳ ಆಗಿಹೋಯಿತು, ಮೊದಲು ಕಟ್ಟು ಮಾರಾಯ!" ಎಂದು ತಾಳಿ ಕೈಗೆ ತುರುಕಿದರು. ಅಳಿಯ ಕುಣಿಯುತ್ತಲೇ ಗಂಟು ಹಾಕಿದ. ಬಾಯಿ ತೆರೆದು ನಿಂತಿದ್ದ ಸೋದರಮಾವನ ಬಾಯಿ ತುಂಬ ಅಕ್ಷತೆ.

ನಾನು ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದರೆ, ಮಾವ ಮಂಟಪ ಹತ್ತಿ ಅಳಿಯನ ಕಾಲ ಬಳಿ ಕೂತು, ಒಂದೊಂದೇ ಇರುವೆ ಹೆಕ್ಕತೊಡಗಿದರು.

"ಹಾಗೆ ಕುಣಿಯಬೇಡ ಮಗಾ," ಎಂದರು. "ಅವಕ್ಕೆ ಪೆಟ್ಟಾಗುತ್ತದೆ."