ರುದ್ರಸ್ವಾಮಿಯ ಬಾಸ್ ಪೆಟ್ಟಿಗೆ

ಎಲ್ಲಕ್ಕೂ ಕಾರಣ ಒಂದು ತೂತು.

ಮೇಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಹೋದ ಮೇಲೆ ರುದ್ರಸ್ವಾಮಿ ಕೈಗೆ ಬಂದ ದುಡ್ಡನ್ನೆಲ್ಲ ಸುರಿದು ಒಂದು ಹಳೆಯ ಓಮ್ನಿ ವ್ಯಾನ್ ಕೊಂಡಿದ್ದ. ಬಾಡಿಗೆಗೆ ಕರೆಯುವವರಿಲ್ಲದೆ ಅದು ಕೆಸರೆಯ ಮನೆಯ ಮುಂದೆ ಗೊಡ್ಡೆಮ್ಮೆಯಂತೆ ನಿಂತೇ ಇತ್ತು. ಕೊನೆಗೆ ಮದುವೆ ಕಂಟ್ರಾಕ್ಟರ್ ಗುರುಮಲ್ಲಪ್ಪನವರು ಒಂದು ಆಸೆ ತೋರಿಸಿದರು. ನೆಂಟರನ್ನು ಲಾಡ್ಜಿನಿಂದ ಛತ್ರಕ್ಕೆ ಸಾಗಿಸಲು ಅವರಿಗೊಂದು ಖಾಯಂ ಗಾಡಿ ಬೇಕಿತ್ತು. ಒಳಗೆ ಹಾಡು ಮಾತ್ರ ಎದೆ ನಡುಗಿಸುವ ಹಾಗಿರಬೇಕು, ಇವತ್ತು ಸಾಯಂಕಾಲ ಬಂದು ಕೇಳಿ ನೋಡುತ್ತೇನೆ ಎಂದಿದ್ದರು. ಇದೂ ಕೈತಪ್ಪಿದರೆ ಗಾಡಿಯನ್ನು ಗುಜರಿಗೆ ಹಾಕುವುದೊಂದೇ ದಾರಿ.

ಬಾಸ್ ಹೊರಡಿಸುವ ದೊಡ್ಡ ಸ್ಪೀಕರ್, ಅಂದರೆ ಸಬ್‌ವೂಫರ್, ತಂದದ್ದಾಯಿತು. ಅದನ್ನು ಕೂರಿಸುವ ಪೆಟ್ಟಿಗೆಯನ್ನು ತಾನೇ ಮಾಡಲು ಕುಳಿತ. ಬರೀ ಪೆಟ್ಟಿಗೆ ಸಾಲದು, ಅದಕ್ಕೊಂದು ಪೋರ್ಟ್ ಬೇಕು, ಅಂದರೆ ಒಳಗಿನ ಗಾಳಿ ನುಗ್ಗಿ ಹೊರಬರಲು ಕೊಳವೆಯಂಥ ದಾರಿ. ಅದರ ಉದ್ದಗಲ ಸರಿಯಿದ್ದರೆ ಬಾಸ್ ಗುಡುಗುತ್ತದೆ, ತಪ್ಪಿದರೆ ಕೆಮ್ಮುತ್ತದೆ. ಮೊಬೈಲಿನಲ್ಲಿ ಲೆಕ್ಕ ಹಾಕಿ, ಪ್ಲೈವುಡ್ ಕೊಯ್ದು, ಸೀಟಿನ ಹಿಂದೆ ಸರಿಯಾಗಿ ಕೂರುವಂಥ ಮುದ್ದಾದ ಪೆಟ್ಟಿಗೆ ಜೋಡಿಸಿದ. ಆದರೆ ಅವನು ಅದನ್ನು ಬೀದಿಯಲ್ಲಿ ಕೂತು ಮಾಡುತ್ತಿದ್ದ. ಬೀದಿ ಎಂದ ಮೇಲೆ ಬೀದಿಯವರೂ ಇರುತ್ತಾರೆ.

ಮೊದಲು ಬಂದವರು ಎದುರುಮನೆಯ ನಂಜುಂಡಸ್ವಾಮಿ. ಆಯಸ್ಸೆಲ್ಲ ಮೋರಿ ಕಟ್ಟಿಸಿ ರಿಟೈರ್ ಆದ ಇಂಜಿನಿಯರ್.

"ಏನಪ್ಪಾ, ಮೋರಿ ಇಷ್ಟು ಗಿಡ್ಡ? ನೀರಾಗ್ಲಿ ಗಾಳಿಯಾಗ್ಲಿ, ಓಡಕ್ಕೆ ದೂರ ಬೇಕು ಕಣಪ್ಪ. ಉದ್ದ ಮಾಡು."

"ಲೆಕ್ಕ ಹಾಕೇ ಮಾಡಿದ್ದೀನಿ ಸಾರ್."

"ನಾನು ಹಾಕ್ದೇ ಇರೋ ಲೆಕ್ಕಾನಾ?"

ದೊಡ್ಡವರ ಮಾತು. ಪೋರ್ಟ್ ಉದ್ದವಾಯಿತು. ಉದ್ದದ ಪೋರ್ಟ್ ಪೆಟ್ಟಿಗೆಯೊಳಗಿನ ಜಾಗ ತಿಂದಿತು, ಜಾಗ ಸಾಲದೆಂದು ಪೆಟ್ಟಿಗೆ ದೊಡ್ಡದಾಯಿತು. ನೀರು ಹೆಚ್ಚಾಯಿತೆಂದು ಹಿಟ್ಟು, ಹಿಟ್ಟು ಹೆಚ್ಚಾಯಿತೆಂದು ನೀರು ಹಾಕಿದಂತೆ.

ಅಂಟು ಒಣಗುವ ಮೊದಲೇ ಪಕ್ಕದ ಮನೆಯ ಶಾಂತಾದೇವಿ ಬಂದರು. ವಾಸ್ತು ನೋಡದೆ ಅವರು ಸೌಟನ್ನೂ ನೇತುಹಾಕುವವರಲ್ಲ.

"ಅಯ್ಯೋ, ತೂತು ದಕ್ಷಿಣಕ್ಕೆ ಮಾಡ್ಬುಟ್ಟಿದ್ದೀಯಲ್ಲೋ! ಇದ್ದಬದ್ದದ್ದೆಲ್ಲ ಸೋರಿ ಹೋಗುತ್ತೆ."

"ಗಾಡಿ ಓಡಾಡ್ತಾ ಇರುತ್ತಲ್ಲ ಶಾಂತಕ್ಕ, ಯಾವ ದಿಕ್ಕು ಅಂತ ಹೇಳೋದು?"

"ಎಲ್ಲೋ ಓಡಾಡ್ತಾ ಇದೆ? ಬಂದಾಗ್ನಿಂದ ಇಲ್ಲೇ ನಿಂತೈತೆ!"

ಈ ಮಾತು ಅವನಿಗೆ ಚುಚ್ಚಿತು. ಎಲ್ಲ ಬಿಚ್ಚಿ, ಪೋರ್ಟನ್ನು ಒಳಗೇ ಒಂದು ಸುತ್ತು ತಿರುಗಿಸಿ, ಬಾಯನ್ನು ಈಶಾನ್ಯಕ್ಕೆ ತಂದ. ಪೆಟ್ಟಿಗೆ ಮತ್ತೆ ಬೆಳೆಯಿತು. ಊಟದ ಹೊತ್ತಿಗೆ ಅದರೊಳಗೆ ಒಂದು ಸಂಸಾರ ಹೂಡಬಹುದಿತ್ತು.

ಹೆಂಡತಿ ಪವಿತ್ರ ಬಾಗಿಲಿಗೆ ಬಂದು ನೋಡಿದಳು. "ರೀ, ಇದು ಗಾಡಿಯೊಳಕ್ಕೆ ಹೋಗುತ್ತಾ?"

ಹೋಗಲಿಲ್ಲ.

"ಹಿಂದಿನ ಸೀಟು ಬಿಚ್ಚು. ಅವ್ರು ಕೇಳಕ್ಕೆ ಬರೋದು ಸೌಂಡು, ಸೀಟಲ್ಲ" ಎಂದು ನಂಜುಂಡಸ್ವಾಮಿ ತಾವೇ ಸ್ಪ್ಯಾನರ್ ಹಿಡಿದು ಒಳಗೆ ನುಗ್ಗಿದರು. ತುಕ್ಕು ಹಿಡಿದ ಬೋಲ್ಟುಗಳು ಪಟಪಟನೆ ಮುರಿದು ಕೈಗೆ ಬಂದವು. ಆ ಸೀಟು ಇನ್ನು ಮತ್ತೆ ಕೂರುವಂತಿರಲಿಲ್ಲ. ಅದರ ಜಾಗದಲ್ಲಿ ಪೆಟ್ಟಿಗೆ ಕೂತಿತು.

ಸಾಯಂಕಾಲ ಗುರುಮಲ್ಲಪ್ಪನವರು ಬಂದು ಮುಂದಿನ ಸೀಟಿನಲ್ಲಿ ಕುಳಿತರು. ರುದ್ರಸ್ವಾಮಿ ದೇವರನ್ನು ನೆನೆದು ಹಾಡು ಹಾಕಿದ. ಬೀದಿಯ ಕಿಟಕಿಗಳೆಲ್ಲ ಅದುರಿದವು. ಪವಿತ್ರಳ ಅಡುಗೆಮನೆಯಲ್ಲಿ ತಟ್ಟೆಗಳು ಕೆಳಗುರುಳಿದವು.

"ಭೇಷ್! ಇಂಥ ಬಾಸ್ ನಾನು ಕೇಳೇ ಇಲ್ಲ ಕಣ್ರೀ!" ಎಂದರು ಗುರುಮಲ್ಲಪ್ಪ. ರುದ್ರಸ್ವಾಮಿಯ ಕಣ್ಣು ತುಂಬಿ ಬಂತು. ಅವರು ಇಳಿದು ಹಿಂದಿನ ಬಾಗಿಲು ಸರಿಸಿ ನೋಡಿದರು.

"ಅಲ್ಲಾ ಸ್ವಾಮಿ, ನೆಂಟ್ರು ಎಲ್ಲಿ ಕೂತ್ಕೋತಾರೆ?"

ನಂಜುಂಡಸ್ವಾಮಿ ಆಕಾಶ ನೋಡತೊಡಗಿದರು.

"ಎಂಗಾದ್ರೂ ಒಂದು ದಾರಿ ಮಾಡಿ ಸಾರ್. ಇದನ್ನ ಬುಟ್ರೆ ನಂಗೇನೂ ಇಲ್ಲ" ಎಂದು ರುದ್ರಸ್ವಾಮಿ ಕೈ ಮುಗಿದ.

ಗುರುಮಲ್ಲಪ್ಪ ಸ್ವಲ್ಪ ಯೋಚಿಸಿದರು. ಆಮೇಲೆ ಒಳಗೆ ಬಗ್ಗಿ, ಗೇಣು ಹಾಕಿ ನೆಲ ಅಳೆದರು. ಮುಖ ಅರಳಿತು.

"ಮಲಗಿಸೋಕೆ ಸಲೀಸಾಗಿದೆ! ಶಾಮಿಯಾನ, ಕುರ್ಚಿ ನಾನು ಬರೀ ಮದುವೆಗೆ ಕೊಡೋದಲ್ಲವಲ್ಲ, ಸಾವಿನ ಮನೇಗೂ ಕೊಡ್ತೀನಿ. ಹೆಣ ಸಾಗಿಸೋಕೆ ಗಾಡಿ ಸಿಗದೆ ಒದ್ದಾಡ್ತಿದ್ದೆ. ಮದುವೆಗಾದ್ರೆ ಸೀಸನ್ ಅಂತಿದೆ, ಇದಕ್ಕೆ ವರ್ಷವೆಲ್ಲ ಕೆಲಸ. ಆ ಪೆಟ್ಟಿಗೆ ಕಿತ್ತಾಕ್ಬುಡಿ. ಗಾಡೀಲಿ ಪಿಟ್ಟೆನ್ನೋ ಸದ್ದು ಇರ್ಬಾರ್ದು. ಒಪ್ಪಿಗೇನಾ?"

ರುದ್ರಸ್ವಾಮಿ ಪೆಟ್ಟಿಗೆಯನ್ನೊಮ್ಮೆ ಸವರಿದ. ವಿಧಿಯಿಲ್ಲದೆ ಹೂಂ ಎಂದ.

ಗಾಡಿಗೆ ಒರಗಿ ನಿಂತಿದ್ದ ನಂಜುಂಡಸ್ವಾಮಿ ಸರಕ್ಕನೆ ಕೈ ತೆಗೆದು ಪಂಚೆಗೆ ಒರೆಸಿಕೊಂಡರು. ಶಾಂತಾದೇವಿ "ಶಿವ ಶಿವಾ" ಎನ್ನುತ್ತ ಸೆರಗು ಎತ್ತಿಕೊಂಡು ಸ್ನಾನಕ್ಕೆ ಓಡಿದರು. ದಿನವಿಡೀ ತುಂಬಿದ್ದ ಬೀದಿ ಖಾಲಿಯಾಯಿತು. ರುದ್ರಸ್ವಾಮಿ ತಲೆ ತಗ್ಗಿಸಿ ಮನೆಯ ಮೆಟ್ಟಿಲು ಹತ್ತಿದ. ಪವಿತ್ರ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಳಗೆ ಬರ್ಬೇಡಿ. ಹಿತ್ತಲಲ್ಲಿ ನೀರಿಟ್ಟಿದ್ದೀನಿ, ತಲೆ ಮೇಲೆ ಹುಯ್ಕೊಂಡು ಬನ್ನಿ."

"ಇನ್ನೂ ಯಾರೂ ಸತ್ತಿಲ್ಲ ಕಣೇ!"

"ಇರ್ಲಿ, ಇವತ್ತಿಂದ್ಲೇ ಅಭ್ಯಾಸ ಆಗ್ಲಿ" ಎಂದು ಪವಿತ್ರ ಬಾಗಿಲು ಹಾಕಿಕೊಂಡಳು.