ಗಂಟೆ ಬಾಡಿಗೆಯ ಲಿನಕ್ಸೂ ಕಮಲಾಪುರದ ಬಾಳೆಯೂ

ಸೇಡಂ ರಸ್ತೆಯ ನಮ್ಮ ಆಫೀಸಿನಲ್ಲಿ ಏನೇ ಎಡವಟ್ಟಾದರೂ ಅದು ಮಧ್ಯಾಹ್ನದ ಊಟವಾದ ಮೇಲೆಯೇ ಆಗುತ್ತದೆ. ಬೆಳಿಗ್ಗೆ ನಾವೆಲ್ಲ ಬುದ್ಧಿವಂತರೇ. ರೊಟ್ಟಿ ಹೊಟ್ಟೆಗಿಳಿದು, ಹೊರಗೆ ಬಿಸಿಲು ಡಾಂಬರಿನ ಮೇಲೆ ನೀರಿನ ಹಾಗೆ ನಡುಗತೊಡಗಿತೆಂದರೆ ಕಲಬುರಗಿ ಅರ್ಧ ಕಣ್ಣು ಮುಚ್ಚುತ್ತದೆ. ಉಳಿದ ಅರ್ಧ ಕಣ್ಣಿನಲ್ಲಿ ನಾವು ಕೆಲಸ ಮಾಡುತ್ತೇವೆ.

ನನ್ನ ಕೆಲಸ ಸರ್ವರ್ ನೋಡಿಕೊಳ್ಳುವುದು. ನೋಡಿಕೊಳ್ಳುವುದು ಅನ್ನುವುದು ಮಾತಿಗೆ. ಆ ಯಂತ್ರವನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಅದು ಮುಂಬೈಯಲ್ಲೆಲ್ಲೋ ಒಂದು ಕ್ಲೌಡ್ ಕಂಪನಿಯ ಕಟ್ಟಡದಲ್ಲಿದೆ. ಯಂತ್ರವೂ ಬಾಡಿಗೆ, ಅದನ್ನು ಒಳಗಿನಿಂದ ನಡೆಸುವ ಎಂಟರ್‌ಪ್ರೈಸ್ ಲಿನಕ್ಸ್ ಎಂಬ ತಂತ್ರಾಂಶವೂ ಬಾಡಿಗೆ. ಎಷ್ಟು ಗಂಟೆ ಓಡಿತೋ ಅಷ್ಟಕ್ಕೇ ಬಿಲ್ಲು. ನನಗೆ ಕಾಣುವುದು ಲ್ಯಾಪ್‌ಟಾಪಿನ ಕಪ್ಪು ಪರದೆ ಮತ್ತು ಅದರಲ್ಲಿ ಮಿಣುಕುವ ಒಂದು ಬಿಳಿ ಗೆರೆ. ಸುಮ್ಮನೆ ನೋಡುತ್ತ ಕೂತರೆ ದೂರದಲ್ಲಿ ಯಾರೋ ನಿಧಾನವಾಗಿ ಉಸಿರಾಡುತ್ತಿದ್ದಾರೆ ಅನ್ನಿಸುತ್ತದೆ. ಈ ಕೆಲಸ ನನಗೆ ಬಹಳ ಇಷ್ಟ.

ಆದರೆ ಅದು ಉಳಿಯುವುದೇ ಅನುಮಾನವಾಗಿತ್ತು. ನಮಗೆ ಉಳಿದಿದ್ದ ಗಿರಾಕಿ ಒಂದೇ, ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಸಂಘ. ವ್ಯಾಪಾರಿಗಳು ಕೂತಲ್ಲಿಂದಲೇ ಗೊನೆ ಕಾಯ್ದಿರಿಸುವ ವ್ಯವಸ್ಥೆಯನ್ನು ಅವರಿಗೆ ಮಾಡಿಕೊಟ್ಟಿದ್ದೆವು. ಕೆಲವು ವಾರ ಬಳಸಿ ನೋಡಿ, ಸಭೆಯಲ್ಲಿ ಕೈ ಎತ್ತಿದರೆ ಕೆಲಸ ಕಾಯಂ. ಎತ್ತದಿದ್ದರೆ ಆಫೀಸಿಗೆ ಬೀಗ, ನಾನು ರೋಜಾ ಬಡಾವಣೆಯಲ್ಲಿರುವ ಅಣ್ಣನ ಬಳೆ ಅಂಗಡಿಗೆ. ಅಲ್ಲಿ ನನಗಾಗಿ ಒಂದು ಸ್ಟೂಲನ್ನು ಆಗಲೇ ಒರೆಸಿ ಇಟ್ಟಿದ್ದರು. ಅದನ್ನು ನೆನೆದರೆ ನನಗೆ ನಿಜವಾಗಿಯೂ ಅಳು ಬರುತ್ತಿತ್ತು.

ಖಾಲಿ ಖೋಲಿಯ ಪಂಖಾ

ನಮ್ಮ ಮಾಲೀಕರು ಕುಸನೂರಿನವರು. ಅವರ ಹೊಲದ ಮೇಲೆ ನಗರ ಬಂದು ಕೂತ ನಂತರ ಈ ಆಫೀಸು ತೆರೆದರು. ಯಾರೂ ಇಲ್ಲದ ಖೋಲಿಯಲ್ಲಿ ಪಂಖಾ ತಿರುಗುತ್ತಿದ್ದರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಇಂಥವರಿಗೆ ನಾನೇ ಕೈಯಾರೆ, ಮೊಬೈಲಿನಿಂದ ಸರ್ವರ್ ನಿಲ್ಲಿಸುವುದು ಹೇಗೆಂದು ಕಲಿಸಿಕೊಟ್ಟೆ. ಮಂಗನ ಕೈಯಲ್ಲಿ ಮಾಣಿಕ್ಯ ಅಂತ ಸಂಬಳ ಕೊಡುವವರ ಬಗ್ಗೆ ಹೇಳಬಾರದು, ಅದಕ್ಕೇ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಎರಡೂವರೆಗೆ ಸಂಘದ ಕಾರ್ಯದರ್ಶಿಯ ಫೋನು. "ಮೇಡಂ, ನಿಮ್ಮ ಮಶೀನ್ ಕರದರ ಓ ಅನ್ನವಲ್ದು."

ನೋಡಿದರೆ ಸರ್ವರ್ ನಿಂತಿದೆ. ಎಬ್ಬಿಸಿದೆ. ಮರುದಿನವೂ ಅದೇ ಹೊತ್ತಿಗೆ ನಿಂತಿತು. ಮೂರನೆಯ ದಿನ ಕೇಳಿಯೇ ಬಿಡೋಣವೆಂದು ಒಳಗೆ ಹೋದೆ. ಮಾಲೀಕರು ಆರಾಮಕುರ್ಚಿಯಲ್ಲಿ, ಮುಖದ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿದ್ದರು. ಎದೆಯ ಮೇಲೆ ಮೊಬೈಲು.

"ಸರ್, ಸರ್ವರ್ ನೀವು ಬಂದ್ ಮಾಡೀರೇನ್ರಿ?"

ಟವೆಲಿನೊಳಗಿಂದಲೇ ಉತ್ತರ ಬಂತು. "ಹೂಂ. ಗಂಟಿ ಲೆಕ್ಕಕ್ಕ ಬಾಡಿಗಿ. ನಾ ಮಲಗಿದ ಮ್ಯಾಲ ಅದು ಯಾಕ ಎದ್ದಿರಬೇಕು?"

"ಕಮಲಾಪುರದವರು ಎದ್ದಾರಲ್ರೀ!"

ಅವರು ಟವೆಲ್ ಸರಿಸಿ ನನ್ನನ್ನು ಕರುಣೆಯಿಂದ ನೋಡಿದರು. "ಈ ಬಿಸಲಾಗ? ಅವರಿಗೂ ಮಕ್ಕೊಳ್ರಿ ಅಂತ ಹೇಳವಾ."

ಗೋಡೆಯ ಮೇಲಿನ ವಿಳಾಸ

ಇಂಥ ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಾಗಲೆಲ್ಲ ಅದಕ್ಕೆ ಹೊಸ ವಿಳಾಸ ಸಿಗುತ್ತದೆ. ನಾಲ್ಕು ಸಂಖ್ಯೆ, ನಡುವೆ ಚುಕ್ಕಿ; ಅದನ್ನು ಒತ್ತಿದರೇ ಯಂತ್ರ ಸಿಗುವುದು. ಕಾಯಂ ವಿಳಾಸ ತೆಗೆದುಕೊಳ್ಳಬಹುದಿತ್ತು. ಅದಕ್ಕೂ ಬೇರೆ ಬಾಡಿಗೆ ಎಂದು ಕೇಳಿ ಮಾಲೀಕರು ಕಿವಿ ಮುಚ್ಚಿಕೊಂಡಿದ್ದರು. ಹೀಗಾಗಿ ದಿನಾ ಮಧ್ಯಾಹ್ನ ನಾನು ಹೊಸ ಸಂಖ್ಯೆ ಹೇಳುವುದು, ಕಾರ್ಯದರ್ಶಿ "ಬರಕೊಂಡೆ ರೀ" ಅನ್ನುವುದು.

ಎಲ್ಲಿ ಬರೆದುಕೊಳ್ಳುತ್ತಾರೆಂದು ನಾನು ಕೇಳಿರಲಿಲ್ಲ. ಒಂದು ದಿನ ಕಮಲಾಪುರಕ್ಕೆ ಹೋದಾಗ ಕಂಡೆ. ಸಂಘದ ಹೊರಗೋಡೆಯ ಮೇಲೆ, ದನದ ಡಾಕ್ಟರ ನಂಬರಿನ ಕೆಳಗೆ, ಕೆಂಪು ಆಯಿಲ್ ಪೇಂಟಿನಲ್ಲಿ ದಪ್ಪಕ್ಷರದ ಸಂಖ್ಯೆಗಳು. ಒಂದನ್ನು ಹೊಡೆದುಹಾಕಿ ಇನ್ನೊಂದು, ಅದನ್ನು ಹೊಡೆದುಹಾಕಿ ಮತ್ತೊಂದು. ಗೋಡೆ ಮುಗಿದು ಕಂಬದ ಮೇಲೆ ಶುರುವಾಗಿತ್ತು. ಏಣಿಯ ಮೇಲಿದ್ದ ಪೇಂಟರ್ ಬ್ರಷ್ಷು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ.

"ಚೀಟಿ ಕಳೀತದ, ಫೋನ್ ಒಡೀತದ. ಗ್ವಾಡಿ ಎಲ್ಲಿ ಹೋಗ್ತದ್ರೀ?" ಎಂದರು ಕಾರ್ಯದರ್ಶಿ.

ನಾಚಿಕೆಯಾಗಿ, ಬಂದವಳೇ ಮಾಲೀಕರ ಜೊತೆ ಜಗಳವಾಡಿ ಕಾಯಂ ವಿಳಾಸ ತೆಗೆಸಿದೆ. ವಾರ ಕಳೆದು ಕಾರ್ಯದರ್ಶಿಯ ಫೋನು ಬಂತು. "ಮೇಡಂ, ಪೇಂಟರ್ ಕೇಳಾಕತ್ಯಾನ, ನಿಮ್ಮ ಮಶೀನಿಗೆ ಆರಾಮ ಅದನೋ ಇಲ್ಲೋ ಅಂತ. ಭಾಳ ದಿನಾತು, ಎಲ್ಲೂ ತಿರಗಾಡವಲ್ದಂತ."

ದರ್ಶನ

ಸಭೆ ಹತ್ತಿರ ಬಂದಾಗ ಕಾರ್ಯದರ್ಶಿ ಖುದ್ದಾಗಿ ಆಫೀಸಿಗೆ ಬಂದರು. ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆ, ಒಂದು ತೆಂಗಿನಕಾಯಿ.

"ಮಂದಿ ಕೇಳ್ತಾರ್ರೀ, ಮಶೀನ್ ಕಣ್ಣಾರೆ ನೋಡೀರೇನು ಅಂತ. ಒಮ್ಮೆ ತೋರಸ್ರಿ."

ಅದು ಮುಂಬೈಯಲ್ಲಿದೆ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲೀಕರು ಎದ್ದರು. ಕಾಣದ ಯಂತ್ರಕ್ಕೆ ಯಾರು ಕೈ ಎತ್ತುತ್ತಾರೆಂದು ಅವರಿಗೆ ದಿಗಿಲು. ಕಾರ್ಯದರ್ಶಿಯನ್ನು ಹಿಂದಿನ ಖೋಲಿಗೆ ಕರೆದೊಯ್ದು, ಮೂಲೆಯಲ್ಲಿ ಹಸಿರು ದೀಪ ಹಾಕಿಕೊಂಡು ಗುಂಯ್ ಅನ್ನುತ್ತಿದ್ದ ಇನ್ವರ್ಟರ್ ತೋರಿಸಿ, "ಇದೇ ನೋಡ್ರಿ" ಅಂದುಬಿಟ್ಟರು. ನಾನು ದುಪಟ್ಟಾದ ತುದಿ ಕಚ್ಚಿಕೊಂಡು ನಿಂತೆ. ಕಾರ್ಯದರ್ಶಿ ಭಕ್ತಿಯಿಂದ ಕುಂಕುಮ ಹಚ್ಚಿದರು, ಬಾಳೆಹಣ್ಣಿಟ್ಟರು, ಕಾಯಿ ಒಡೆದರು. ಆ ಅರೆಗತ್ತಲೆಯಲ್ಲಿ ಹಸಿರು ದೀಪದ ಮುಂದೆ ಅವರು ಕಣ್ಣು ಮುಚ್ಚಿ ನಿಂತದ್ದು ನೋಡಿ, ಒಂದು ಗಳಿಗೆ ನನಗೂ ಅದೇ ಸರ್ವರ್ ಅನ್ನಿಸಿತು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದರು. "ನಮ್ಮ ಮನ್ಯಾಗೂ ಇಂಥಾದ್ದೇ ಒಂದು ಸರ್ವರ್ ಅದ ಮೇಡಂ. ಕರೆಂಟ್ ಹೋದ್ರ ಎರಡು ಪಂಖಾ, ಒಂದು ಟಿವಿ ನಡಸ್ತದ. ನೀರು ಮಾತ್ರ ಆಗಾಗ ನೋಡಕೋತ ಇರ್ರಿ."

ಅಮ್ಮಿಯ ಪ್ರಶ್ನೆ

ಮನೆಯಲ್ಲಿ ನಮ್ಮದು ದಖನಿ ಉರ್ದು. ಫೋನಿನಲ್ಲಿ ನಾನು ಮಾಲೀಕರ ಜೊತೆ ಮಾತಾಡುವುದನ್ನು ಅಮ್ಮಿ ಕೇಳಿಸಿಕೊಳ್ಳುತ್ತಿದ್ದರು. ಮುಂಬೈಯಲ್ಲಿದ್ದಾನೆ, ನಾನು ಅವನನ್ನು ನೋಡೇ ಇಲ್ಲ, ಅವನು ಸುಮ್ಮನಾದರೆ ನನಗೆ ಊಟ ಸೇರುವುದಿಲ್ಲ, ಇವತ್ತು ಮೂರು ಸಲ ಎಬ್ಬಿಸಿದೆ. ಅವರ ಅರೆಬರೆ ಕನ್ನಡಕ್ಕೆ ಇಷ್ಟು ಅರ್ಥವಾಗಿತ್ತು. ಒಂದು ಸಂಜೆ ಚಹಾ ಕೊಡುತ್ತ, ತಲೆ ನೇವರಿಸಿ, ಬಹಳ ಮೃದುವಾಗಿ ಕೇಳಿದರು: "ಖಾನ್‌ದಾನ್ ಕೈಸಾ ಹೈ ಬೇಟಾ?"

ಯಾವ ಮನೆತನವೆಂದು ಹೇಳಲಿ! ಲಿನಕ್ಸ್ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬೀದರಿನ ಕಡೆ ಇರಬೇಕು, ವಿಚಾರಿಸುತ್ತೇನೆ ಅಂದರು.

ಸಭೆ

ಸಭೆ ಕಮಲಾಪುರದಲ್ಲಿ, ಸಂಘದ ಅಂಗಳದ ಬೇವಿನ ಮರದ ಕೆಳಗೆ. ಅದೂ ಊಟವಾದ ಮೇಲೆ. ಕಾರ್ಯದರ್ಶಿ ತಮ್ಮ ಮನೆಯ ದೊಡ್ಡ ಟಿವಿ ತಂದು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದ್ದರು. ಬೆಳೆಗಾರರು ಜಮಖಾನೆಯ ಮೇಲೆ ತುಂಬಿದ್ದರು. ಮಾಲೀಕರು ನನ್ನ ಪಕ್ಕದಲ್ಲಿ ಬೆವರುತ್ತ ಕೂತಿದ್ದರು.

ಬೆಳೆಗಾರರಲ್ಲಿ ಒಂದು ಹಳೆಯ ಜಗಳ ನಡೆಯುತ್ತಿತ್ತು. ಯಾರೋ ಒಬ್ಬರು ಬೇರೆ ಊರಿನ ಬಾಳೆಯನ್ನು ಕಮಲಾಪುರದ್ದೆಂದು ಸಂಘದ ಗೊನೆಗಳಲ್ಲಿ ಸೇರಿಸುತ್ತಿದ್ದರು. ಯಾರೆಂದು ಗೊತ್ತಾಗುತ್ತಿರಲಿಲ್ಲ. ಅದರ ಮೇಲೆ ಮಾತು ಬೆಳೆಯಿತು, ಬೆಳೆಯುತ್ತಲೇ ಹೋಯಿತು.

ತೋಟದ ಕಡೆಯಿಂದ ಹಸಿ ಎಲೆಯ ಗಾಳಿ ಬರುತ್ತಿತ್ತು. ಮಾತುಗಳು ದೂರ ದೂರ ಹೋದವು. ಕಣ್ಣೆದುರಿನ ಕಪ್ಪು ಪರದೆ ದೊಡ್ಡದಾಗಿ, ಅದರೊಳಗೆ ನಾನು ನಡೆದು ಹೋದಂತೆ, ಸಾಲಾಗಿ ನಿಂತ ಯಂತ್ರಗಳ ಮೇಲೆಲ್ಲ ಕೆಂಪು ಗೊನೆಗಳು ತೂಗಿದಂತೆ. ಅವತ್ತು ಲಿನಕ್ಸಿಗೆ ಒಂದು ಅಪ್‌ಡೇಟ್ ಹಾಕಿದ್ದೆ. ಸರ್ವರನ್ನು ಒಮ್ಮೆ ರೀಬೂಟ್ ಮಾಡಬೇಕಿತ್ತು, ಅಂದರೆ ಮಲಗಿಸಿ ಎಬ್ಬಿಸಬೇಕಿತ್ತು. ಮೊದಲು ಪ್ರಯೋಗಕ್ಕೆಂದೇ ಇಟ್ಟಿದ್ದ ಪರೀಕ್ಷೆಯ ಸರ್ವರಿನಲ್ಲಿ ಮಾಡಿ ನೋಡೋಣವೆಂದು ಎರಡಕ್ಕೂ ಪರದೆಯ ಮೇಲೆ ಒಂದೊಂದು ಕಿಟಕಿ ತೆರೆದಿದ್ದೆ. ಆ ಜೊಂಪಿನಲ್ಲಿ ರೀಬೂಟ್ ಎಂದು ಟೈಪಿಸಿ ಎಂಟರ್ ಒತ್ತಿದೆ. ಒತ್ತಿದ ಕ್ಷಣ ಎಚ್ಚರವಾಯಿತು. ಅದು ಪರೀಕ್ಷೆಯ ಸರ್ವರ್ ಅಲ್ಲ, ಸಂಘದ್ದು.

ಯಂತ್ರ ಏಳುತ್ತಿದೆಯೋ ಇಲ್ಲವೋ ನೋಡಲು ಗಡಿಬಿಡಿಯಿಂದ ಅದರ ಕನ್ಸೋಲ್ ಪರದೆ ತೆರೆದೆ. ಟಿವಿ ಜೋಡಿಸಿದ್ದು ಮರೆತೇ ಹೋಗಿತ್ತು. ಲಿನಕ್ಸ್ ಏಳುವಾಗ ಒಳಗಿನ ಒಂದೊಂದೇ ಕೆಲಸ ಶುರುವಾದ ಹಾಗೆ ಸಾಲು ಸಾಲಾಗಿ ಹಸಿರು ಓಕೆ ಬರುತ್ತದೆ. ಅವೆಲ್ಲ ಆಳೆತ್ತರದ ಟಿವಿಯಲ್ಲಿ ಮೇಲೇರತೊಡಗಿದವು.

ಜಗಳ ಬಿಟ್ಟು ಎಲ್ಲರೂ ಟಿವಿಯತ್ತ ತಿರುಗಿದರು. ಮುಂದೆ ಕೂತಿದ್ದ ಹಿರಿಯರೊಬ್ಬರು ಜೋರಾಗಿ ಓದಿದರು. "ಓಕೆ… ಓಕೆ… ಓಕೆ… ಏ, ಒಬ್ಬೊಬ್ಬರದೇ ಬಾಳಿ ತಪಾಸ್ ಮಾಡಾಕತ್ತದ್ರೋ!"

ಎಲ್ಲರೂ ಮೊಣಕಾಲಿನ ಮೇಲೆ ಎದ್ದು, ತಮ್ಮದು ಯಾವುದೆಂದು ಹುಡುಕತೊಡಗಿದರು. ಹಾಗಲ್ಲ ಎನ್ನುತ್ತ ನಾನು ಟಿವಿಯ ತಂತಿಗೆ ಕೈ ಹಾಕಿದೆ. ಅಷ್ಟರಲ್ಲಿ ಹಸಿರಿನ ನಡುವೆ ಒಂದೇ ಒಂದು ಕೆಂಪು ಸಾಲು ಬಂತು. ಫೇಲ್.

ಮುಗಿಯಿತು, ಇನ್ನು ಬಳೆಯೇ ಗತಿ ಅಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಒಬ್ಬರು ನಿಧಾನವಾಗಿ ಎದ್ದು ನಿಂತು ಕೈ ಮುಗಿದರು.

"ತಪ್ಪಾತ್ರೀ. ನಮ್ಮ ಬೀಗರ ತ್ವಾಟದ್ದು. ಎಂಟು ಗೊನಿ ಅಷ್ಟ."

ಮುಂದಿನದನ್ನು ಹೇಳಬೇಕಿಲ್ಲ. ಎಲ್ಲರೂ ಕೈ ಎತ್ತಿದರು, ತಪ್ಪೊಪ್ಪಿಕೊಂಡವರೂ ಎತ್ತಿದರು. ಮಾಲೀಕರು ಕಣ್ಣೊರೆಸಿಕೊಂಡರು. ನಾನಂತೂ ಅತ್ತೇ ಬಿಟ್ಟೆ.

ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದ ಕಾರ್ಯದರ್ಶಿಗೆ ಮನಸ್ಸು ತಡೆಯದೆ ನಿಜ ಹೇಳಿದೆ. "ಆ ಕೆಂಪು ಸಾಲಿಗೂ ಬಾಳಿಗೂ ಸಂಬಂಧ ಇಲ್ರೀ. ಸರ್ವರಿನ ಗಡಿಯಾರ ಸರಿ ಮಾಡೋ ಒಂದು ಸಣ್ಣ ಕೆಲಸ ಶುರು ಆಗಿದ್ದಿಲ್ಲ, ಅಷ್ಟ. ನಾಳೆ ರಿಪೇರಿ ಮಾಡ್ತೀನಿ."

ಅವರು ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ಟೈಮ್ ನಾವು ಗ್ವಾಡಿ ಮ್ಯಾಲಿನ ಗಡಿಯಾರದಾಗ ನೋಡಕೋತೀವ್ರಿ ಮೇಡಂ. ಆ ಕೆಂಪು ಸಾಲನ್ನ ಮಾತ್ರ ರಿಪೇರಿ ಮಾಡಬ್ಯಾಡ್ರಿ."