ಕಂಪ್ಯೂಟರಿನ ಬಾಯಿ ಮುಚ್ಚಿಸಿದ ಕಥೆ

ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ನಾನು ಪಣ ತೊಟ್ಟೆ: ಇವತ್ತು ನನ್ನ ಕಂಪ್ಯೂಟರಿನ ಹೊಟ್ಟೆ ಬಿಚ್ಚುತ್ತೇನೆ, ಅದರ ಒಳರೋಗಗಳನ್ನೆಲ್ಲ ವಾಸಿ ಮಾಡುತ್ತೇನೆ, ಅದರ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸುತ್ತೇನೆ! ರಿಪೇರಿಯವನ ಕೈಗೆ ಕೊಡುವ ಮಾತೇ ಇಲ್ಲ. ಊರಿನವರಿಗೆಲ್ಲ ಮನೆಯ ನಕ್ಷೆ ಬರೆದುಕೊಡುವ ಮನುಷ್ಯ ನಾನು. ಮೂರಂತಸ್ತಿನ ಮನೆಯನ್ನು ಹಾಳೆಯ ಮೇಲೆ ಎಬ್ಬಿಸಿ ನಿಲ್ಲಿಸುವವನಿಗೆ ಮೊಣಕಾಲೆತ್ತರದ ತಗಡಿನ ಡಬ್ಬ ಯಾವ ಲೆಕ್ಕ?

ಬಾಯಿ ಮುಚ್ಚಿಸುವ ಅಗತ್ಯ ಏಕೆ ಬಂತೆಂದು ಹೇಳುತ್ತೇನೆ. ನಮ್ಮದು ಪುಟ್ಟ ಮನೆ. ನಡುಮನೆಯಲ್ಲಿ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಮತ್ತು ಅವರ ಟಿವಿ. ಇರುವ ಒಂದೇ ಕೋಣೆಯಲ್ಲಿ ಮಂಚ, ಮಂಚಕ್ಕೆ ಅಂಟಿಕೊಂಡಂತೆ ನನ್ನ ಮೇಜು, ಮೇಜಿನ ಕೆಳಗೆ ಕಂಪ್ಯೂಟರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಕಾಯಂ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಸಂಜೆಗೇ ಏಳುವವಳು. ಅವಳು ಮಲಗುವ ಹೊತ್ತೇ ನಾನು ದುಡಿಯುವ ಹೊತ್ತು. ನಾನು ಗುಂಡಿ ಒತ್ತಿದ ಕ್ಷಣದಿಂದ ಕಂಪ್ಯೂಟರಿನ ಹಿಂಬದಿಯ ಫ್ಯಾನು ಹಿಟ್ಟಿನ ಗಿರಣಿಯಂತೆ 'ಘುಂಯ್' ಎಂದು ಶುರುವಾದರೆ ನಾನು ಆರಿಸುವವರೆಗೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ.

ಆ ಸದ್ದಿನ ಪಕ್ಕದಲ್ಲಿ ಅವಳು ವರ್ಷಗಟ್ಟಲೆ ಮಲಗಿದ್ದಾಳೆ. ಒಂದು ದಿನವೂ ದೂರಿದವಳಲ್ಲ. ಮಗ್ಗುಲು ತಿರುಗಿಸಿ ಮಲಗಿದ ಅವಳನ್ನು ನೋಡಿದಾಗಲೆಲ್ಲ ಅಂದುಕೊಳ್ಳುತ್ತಿದ್ದೆ: ಅವಳಿಗೊಂದು ಉಡುಗೊರೆ ಕೊಡಬೇಕು. ಚಿನ್ನವಲ್ಲ, ರೇಷ್ಮೆಯಲ್ಲ, ನಿಶ್ಶಬ್ದ!

ಆ ದಿನ ಅವಳಿಗೆ ಆಸ್ಪತ್ರೆಯಲ್ಲಿ ಹಗಲಿಡೀ ಏನೋ ತರಬೇತಿ. ಸಿಕ್ಕಿದ್ದೇ ಅವಕಾಶವೆಂದು ಸ್ಕ್ರೂಡ್ರೈವರ್ ಹಿಡಿದು ಕೂತೆ. ಹೊಸ ಫ್ಯಾನು, ಇನ್ನೊಂದಿಷ್ಟು ಮೆಮೊರಿ, ಕಟಕಟ ಹಲ್ಲು ಕಡಿಯುತ್ತಿದ್ದ ಹಳೆಯ ಡಿಸ್ಕಿನ ಬದಲು ಸದ್ದೇ ಮಾಡದ ಹೊಸ ಡಿಸ್ಕು, ಎಲ್ಲ ತಂದಿಟ್ಟಿದ್ದೆ. ಹಳೆಯದರಲ್ಲಿದ್ದ ನಕ್ಷೆಗಳನ್ನೆಲ್ಲ ಕಂಪ್ಯೂಟರ್ ಅಂಗಡಿಯವನು ಹಿಂದಿನ ದಿನವೇ ಹೊರಗಿನಿಂದ ವೈರು ಸಿಕ್ಕಿಸಿ ಹೊಸದಕ್ಕೆ ತುಂಬಿಕೊಟ್ಟಿದ್ದ. ಜೊತೆಗೆ ಬೂದುಬಣ್ಣದ ಪೇಸ್ಟಿನ ಒಂದು ಪುಟ್ಟ ಟ್ಯೂಬು. "ಇದನ್ನ ಪ್ರೊಸೆಸರ್ ಮೇಲೆ ಹಚ್ಚಿ ಸಾರ್, ಬಿಸೀನೆಲ್ಲ ಎಳ್ಕೊಂಡ್ಬಿಡುತ್ತೆ" ಎಂದಿದ್ದ.

ಬಿಚ್ಚಿದೆ. ಒಳಗೆ ಕಂಪ್ಯೂಟರ್ ಕಾಣಲಿಲ್ಲ, ಧೂಳೇ ಕಂಡಿತು! ಸೈಕಲ್ ಪಂಪು ತಂದು ಒಂದೇ ಸಮ ಹೊಡೆದೆ. ಎದ್ದ ಧೂಳು ಮಂಚದ ಮೇಲೆ, ಪರದೆಯ ಮೇಲೆ, ಬಾಗಿಲಲ್ಲಿ ಇಣುಕುತ್ತಿದ್ದ ಅತ್ತೆಯ ಮೇಲೆ ಸಮನಾಗಿ ಹಂಚಿಹೋಯಿತು. ಉಳಿದದ್ದು ಕಿಟಕಿಯ ಬಿಸಿಲುಕೋಲಿನಲ್ಲಿ ನಿಧಾನವಾಗಿ ತೇಲತೊಡಗಿತು. ಎಷ್ಟು ಚೆಂದವಿತ್ತೆಂದರೆ ಪಂಪು ಕೈಯಲ್ಲಿ ಹಿಡಿದೇ ನೋಡುತ್ತ ಕೂತುಬಿಟ್ಟೆ.

ಧೂಳು ಇಳಿದ ಮೇಲೆ ಮದರ್‌ಬೋರ್ಡು ಕಂಡಿತು. ಅಬ್ಬಾ! ಮೇಲಿನಿಂದ ನೋಡಿದ ಒಂದು ಹಸಿರು ಊರು. ನೆಟ್ಟಗೆ ಓಡುವ ರಸ್ತೆಗಳು, ದುಂಡನೆಯ ನೀರಿನ ಟ್ಯಾಂಕುಗಳು, ಸಾಲು ಸಾಲು ಮನೆಗಳು, ನಡುವೆ ಒಂದು ಚೌಕ ಮೈದಾನ. ಅಲ್ಲಿ ಹಾರ್ನ್ ಇಲ್ಲ, ಅಕ್ಕಪಕ್ಕದ ಜಗಳ ಇಲ್ಲ. ಆ ಮೈದಾನದ ಅಂಚಿನಲ್ಲಿ ನಮಗೊಂದು ಮನೆ ಕಟ್ಟಿದರೆ ಹೇಗೆ? ಮೂಲೆಯ ಸೈಟು, ಎರಡು ಕಡೆ ಗಾಳಿ... ನಾನು ಆಗಲೇ ಆ ರಸ್ತೆಯಲ್ಲಿ ಕೈ ಬೀಸಿಕೊಂಡು ನಡೆಯುತ್ತಿದ್ದೆ.

"ಅಳಿಯಂದ್ರೇ, ಉಸಿರಾಡ್ತಾ ಇದೀರಾ?"

ಬಾಗಿಲಲ್ಲಿ ಅತ್ತೆ. ಬೆಚ್ಚಿಬಿದ್ದು ಊರಿನಿಂದ ಹೊರಬಂದೆ. "ಕೆಲಸ ಮಾಡ್ತಾ ಇದೀನಿ ಅತ್ತೆ" ಎಂದೆ ಗಂಭೀರವಾಗಿ. ಪೇಸ್ಟಿನ ಟ್ಯೂಬಿಗೆ ಕೈ ಹಾಕಿದರೆ ಟ್ಯೂಬೇ ಇಲ್ಲ!

"ಬಿಸಿ ಎಳ್ಕೊಳ್ಳೋ ಮುಲಾಮು ಅಂತ ನಿನ್ನೆ ತಂದಾಗ ನೀವೇ ಅಂದ್ರಲ್ಲ. ಮಂಡಿ ಬಿಸಿಯಾಗಿತ್ತು, ಹಚ್ಕೊಂಡೆ."

ಅತ್ತೆಯ ಎರಡೂ ಮಂಡಿಗಳು ಸಿಮೆಂಟಿನ ಕಂಬದ ಹಾಗೆ ಬೂದುಗಟ್ಟಿದ್ದವು. "ಅತ್ತೆ, ಅದು ಕಂಪ್ಯೂಟರಿಗೆ ಹಚ್ಚೋದು! ಮೊದಲು ಸೋಪು ಹಾಕಿ ತೊಳೀರಿ!" ಎಂದು ಕೂಗಿದೆ. "ತೊಳೀತೀನಿ. ಆದ್ರೆ ನೋವು ಹೋಯ್ತು ನೋಡಿ" ಎಂದು ಟ್ಯೂಬು ಕೈಗಿಟ್ಟು ಹೋದರು. ಹಿಂಡಿ ಹಿಂಡಿ ತಳದಲ್ಲಿದ್ದ ಬೇಳೆಕಾಳಿನಷ್ಟನ್ನು ಪ್ರೊಸೆಸರಿಗೆ ಹಚ್ಚಿದೆ. ಆಮೇಲೆ ತಿಳಿದ ಪ್ರಕಾರ ಅದಕ್ಕೆ ಬೇಕಾಗಿದ್ದದ್ದೂ ಅಷ್ಟೇ.

ಎಲ್ಲ ಜೋಡಿಸಿ ಗುಂಡಿ ಒತ್ತಿದೆ. ಸದ್ದಿಲ್ಲ, ಪರದೆಯೂ ಕಪ್ಪು! ಕೆಟ್ಟಿತು ಕೆಲಸ ಎಂದು ಮತ್ತೆ ಬಿಚ್ಚಿದೆ, ಮತ್ತೆ ಜೋಡಿಸಿದೆ, ಮತ್ತೆ ಒತ್ತಿದೆ. ಊಹೂಂ. ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತೆ. ಮಂಡಿ ತೊಳೆದುಕೊಂಡು ಬಂದ ಅತ್ತೆ ಮೇಜಿನ ಹಿಂದೆ ಬಗ್ಗಿ ನೋಡಿದರು.

"ಈ ಟಿವಿಯಂಥದ್ದರ ವೈರು ಹೊರಗೇ ನೇತಾಡ್ತಿದೆಯಲ್ಲ?"

ಮಾನಿಟರಿನ ಕೇಬಲ್ಲು! ಸಿಕ್ಕಿಸಿದ್ದೇ ತಡ, ಪರದೆ ಜಗ್ಗನೆ ಬೆಳಗಿತು. ಅಂದರೆ ಕಂಪ್ಯೂಟರು ಆಗಿನಿಂದಲೂ ನಡೆಯುತ್ತಲೇ ಇತ್ತು, ನನಗೆ ಕೇಳಿಸಿರಲಿಲ್ಲ ಅಷ್ಟೆ. ಡಬ್ಬಕ್ಕೆ ಕಿವಿಯಿಟ್ಟೆ. ಕೊಳದ ತಳದಂಥ ಮೌನ. ಕುಣಿದಾಡುವುದೊಂದು ಬಾಕಿ! ಬಿಚ್ಚಿದ ಹಳೆಯ ಸಾಮಾನನ್ನೆಲ್ಲ ಗುಡಿಸಿ ಕಸದ ಬುಟ್ಟಿಯ ಪಕ್ಕಕ್ಕೆ ಎಸೆದೆ.

ಮರುದಿನ ಸಂಜೆ ಮಾಮೂಲಿನಂತೆ ಪಾಳಿಗೆ ಹೋದ ಹೆಂಡತಿ ಮಂಗಳವಾರ ಬೆಳಿಗ್ಗೆ ಬಂದಳು. ನಾನು ಕಂಪ್ಯೂಟರ್ ಹಚ್ಚಿ, ನಾಟಕದ ಪರದೆ ಎಳೆಯುವವನ ಹಾಗೆ ನಿಂತು, "ಕೇಳು!" ಎಂದೆ.

"ಏನೂ ಕೇಳಿಸ್ತಿಲ್ಲವಲ್ಲ ರೀ."

"ಅದೇ! ಅದನ್ನೇ ಕೇಳು! ಇನ್ಮೇಲೆ ನೀನು ನಿದ್ದೆ ಅಂದ್ರೆ ಏನು ಅಂತ ನೋಡ್ತೀಯ."

ಅವಳು ನಕ್ಕು ಮಲಗಿದಳು. ಸ್ವಲ್ಪ ಹೊತ್ತಿಗೆ ಹೊದಿಕೆಯೊಳಗಿನಿಂದ ದನಿ ಬಂತು. "ರೀ, ಆ ಗಡಿಯಾರ ಯಾವಾಗಿಂದ ಇಷ್ಟು ಜೋರಾಗಿ ನಡೀತಿದೆ?" ಗಡಿಯಾರ ತೆಗೆದು ನಡುಮನೆಗೆ ಕೊಟ್ಟೆ. "ರೀ, ನಲ್ಲಿ ತೊಟ್ಟಿಕ್ತಿದೆ." ನಲ್ಲಿಗೆ ಬಟ್ಟೆ ಕಟ್ಟಿದೆ. "ರೀ, ಮೇಲ್ಗಡೆ ಕುರ್ಚಿ ಎಳೀತಿದಾರೆ." ಮಹಡಿ ಹತ್ತಿ ಕೈಮುಗಿದೆ. ಮೇಲಿನ ಮನೆಯವರು ಪಾಪ, ಒಳ್ಳೆಯವರು, ಮಧ್ಯಾಹ್ನದವರೆಗೆ ನಿಂತೇ ಇದ್ದರಂತೆ. "ರೀ, ನಿಮ್ಮ ಕುರ್ಚಿ ಕಿರ್ ಅಂತಿದೆ." ನಾನೂ ನಿಂತೆ. ಇಷ್ಟೆಲ್ಲ ಆಗುವಷ್ಟರಲ್ಲಿ ಅವಳು ಏಳುವ ಹೊತ್ತಾಗಿತ್ತು.

ಬುಧವಾರವೂ ಅದೇ ಹಾಡು. ಗುರುವಾರ ಬೆಳಿಗ್ಗೆ ಬಂದವಳ ಕಣ್ಣು ಕೆಂಡವಾಗಿತ್ತು. ಚೀಲ ಇಟ್ಟು ಮಂಚದ ಅಂಚಿನಲ್ಲಿ ಕೂತಳು.

"ರಾತ್ರಿ ಏನು ಮಾಡ್ದೆ ಗೊತ್ತಾ? ಥರ್ಮಾಮೀಟರನ್ನ ನನ್ನ ಬಾಯಿಗೇ ಇಟ್ಕೊಂಡು, ಜ್ವರದವರ ಹತ್ರ 'ಎಷ್ಟಿದೆ ನೋಡಿ ಹೇಳಿ' ಅಂದೆ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ಅವರು ನೋಡಿ ಹೇಳಿದ್ರು ಕೂಡ. ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಂದ್ರು. ಇವತ್ತು ಸರಿಯಾಗಿ ನಿದ್ದೆ ಮಾಡದೆ ಬಂದ್ರೆ ವಾರ್ಡಿನೊಳಗೆ ಕಾಲಿಡಬೇಡ, ರಜಾ ಹಾಕಿ ಮನೇಲಿರು ಅಂದಿದಾರೆ. ಥರ್ಮಾಮೀಟರ್ ಆಯ್ತು ಸರಿ, ನಾಳೆ ಇಂಜೆಕ್ಷನ್ ಆದ್ರೆ?"

ವಾರ್ಡೆಂದರೆ ಅವಳಿಗೆ ಪ್ರಾಣ. ರಜಾ ದಿನ ಕೂಡ ಅಲ್ಲಿಗೆ ಫೋನು ಮಾಡಿ 'ಕಿಟಕಿ ಪಕ್ಕದ ಅಜ್ಜಿ ಊಟ ಮಾಡಿದ್ರಾ' ಎಂದು ಕೇಳುವವಳು. ಅವಳನ್ನು ಬಾಗಿಲಲ್ಲೇ ತಡೆಯುವಂತೆ ಮಾಡಿದ್ದು ನನ್ನ ಉಡುಗೊರೆ!

"ಇವತ್ತು ಮಲಗು, ಒಂದು ಸೊಳ್ಳೆಯೂ ಸದ್ದು ಮಾಡಲ್ಲ" ಎಂದು ಭಾಷೆ ಕೊಟ್ಟು ಕೆಲಸಕ್ಕೆ ನಿಂತೆ. ಕಾಲು ಗಂಟೆಯೂ ಆಗಿಲ್ಲ, ಅವಳು ಎದ್ದು ಕೂತಳು.

"ಯಾರೋ ಗಂಡಸರು ಮಾತಾಡ್ತಿದಾರೆ ರೀ. ಬಚ್ಚಲುಮನೆ, ಮೆಟ್ಟಿಲು ಅಂತ ಏನೋ ಜಗಳ."

ನಾನು ಕಿಟಕಿಯಿಂದ ಬೀದಿ ನೋಡಿದೆ. ಯಾರಿಲ್ಲ. ಮಹಡಿಯವರು ಹೊರಗೆ ಹೋಗಿದ್ದರು. ನಡುಮನೆಗೆ ಹೋದೆ. ಟಿವಿ ಆರಿತ್ತು. "ಅತ್ತೆ, ಯಾರೋ ಮಾತಾಡಿದ್ದು ಕೇಳಿಸ್ತಾ?"

"ಕೇಳಿಸ್ದೆ ಏನು? ದಿನಾ ಕೇಳಿಸುತ್ತೆ. ನೀವೇ ಅಲ್ವಾ?"

"ನಾನಾ!"

"ಮತ್ತೆ? 'ಬಚ್ಚಲನ್ನ ಇಲ್ಲಿಟ್ರೆ ಮೆಟ್ಟಿಲು ಎಲ್ಲಿಡ್ಲಿ, ತಲೆ ಮೇಲಿಡ್ಲಾ' ಅಂತ ನೀವೇ ಕೇಳ್ತೀರಿ, ನೀವೇ ಬೈತೀರಿ. ನಡುನಡುವೆ ಹಾಡು ಬೇರೆ."

ನಕ್ಷೆ ಬರೆಯುವಾಗ ನನ್ನಷ್ಟು ಮೌನಿ ಇನ್ನೊಬ್ಬನಿಲ್ಲ ಎಂದು ಇಷ್ಟು ಕಾಲ ನಂಬಿದ್ದೆ! ಬಾಯಿಗೆ ಅಡ್ಡಲಾಗಿ ಪೆನ್ಸಿಲ್ ಕಚ್ಚಿ ಮತ್ತೆ ನಿಂತೆ. ತುಸು ಹೊತ್ತಿಗೆ ಪೆನ್ಸಿಲ್ ನೆಲದ ಮೇಲಿತ್ತು, ಮಂಚದಿಂದ "ರೀ..." ಎಂಬ ಅಳುದನಿ ಬಂತು. ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದೆ.

"ಸದ್ದು ಮಾಡೋ ಫ್ಯಾನು ಕೊಡಿ."

ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸದ್ದು ಬೇಡ ಅಂತ ತಾನೇ ಮೊನ್ನೆ ಒಯ್ದಿದ್ದು?"

"ಈಗ ಬೇಕು. ತುರ್ತಾಗಿ ಬೇಕು!"

ಅವನು ಹಳೆಯ ಫ್ಯಾನುಗಳ ಒಂದು ರಟ್ಟಿನ ಪೆಟ್ಟಿಗೆ ಹೊರಗೆಳೆದ. ಒಂದೊಂದಕ್ಕೂ ವೈರು ಹಚ್ಚಿ ನನ್ನ ಕಿವಿಯ ಬಳಿ ಹಿಡಿದ. ಕಣ್ಣು ಮುಚ್ಚಿ ಕೇಳಿದೆ. ಒಂದು ಸಿಳ್ಳೆ ಹಾಕಿತು, ಒಂದು ಕೆಮ್ಮಿತು, ಒಂದು ದೂರದ ಹೆದ್ದಾರಿಯ ಹಾಗೆ ಮೊರೆಯಿತು. ಆ ಮೊರೆತದಲ್ಲಿ ನನಗೇ ಜೊಂಪು ಹತ್ತಿ, ಕೌಂಟರಿಗೆ ಗಲ್ಲ ಆನಿಸಿಬಿಟ್ಟೆ. ಹೆಂಡತಿ ಹಸಿರು ಊರಿನ ಮೈದಾನದಲ್ಲಿ ಮಂಚ ಹಾಕಿಕೊಂಡು ಮಲಗಿದ್ದಳು, ಹೊದಿಕೆ ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು...

"ಸಾರ್, ಅಂಗಡಿ ಊಟಕ್ಕೆ ಮುಚ್ತೀನಿ."

"ಇದಲ್ಲಪ್ಪ" ಎಂದೆ ಕಣ್ಣುಜ್ಜಿಕೊಳ್ಳುತ್ತ. "ಇದು ಬರೀ 'ಗುಂಯ್'. ನಮ್ಮದು 'ಘುಂಯ್' ಅಂತಿತ್ತು."

"ಹಾಗಾದ್ರೆ ನಿಮ್ಮದನ್ನೇ ಹುಡುಕ್ಕೊಳ್ಳಿ" ಎಂದ ಅವನು. ಅವನ ಮುಖ ನೋಡಿದರೆ ಇನ್ನೊಂದು ಸಲ ನನ್ನನ್ನು ಒಳಗೆ ಬಿಡುವ ಲಕ್ಷಣ ಕಾಣಲಿಲ್ಲ.

ಬರಿಗೈಲಿ ಮನೆಗೆ ಬಂದೆ. ಕಸದ ಬುಟ್ಟಿ ಖಾಲಿ, ಅದರ ಪಕ್ಕವೂ ಖಾಲಿ. ನನ್ನ ಹುಡುಕಾಟವನ್ನು ಸ್ವಲ್ಪ ಹೊತ್ತು ಸಂತೋಷದಿಂದ ನೋಡಿದ ಅತ್ತೆ ಎದ್ದು ಹೋಗಿ ಬಿಸ್ಕತ್ತಿನ ಡಬ್ಬ ತಂದರು. ಅದರೊಳಗೆ, ಹಳೆಯ ಟವೆಲಿನಲ್ಲಿ ಸುತ್ತಿ, ನಮ್ಮ ಫ್ಯಾನು!

"ಎತ್ತಿಟ್ಟಿದ್ರಾ ಅತ್ತೆ?"

"ನೀವು ಬಿಚ್ಚಿದ್ದನ್ನ ನಾನು ಯಾವತ್ತು ಎಸೆದಿದೀನಿ? ಹೇಗೂ ವಾಪಸ್ ಹುಡುಕ್ಕೊಂಡು ಬರ್ತೀರಿ."

ಅವರ ಕಾಲಿಗೆ ಬೀಳೋಣವೆನ್ನಿಸಿತು. ಡಬ್ಬದ ಮುಂಬದಿಯಲ್ಲಿ ಇನ್ನೊಂದು ಫ್ಯಾನಿಗೆ ಜಾಗವಿತ್ತು. ಹೊಸದು ಹಿಂದೆಯೇ ಇರಲಿ ಎಂದು ಹಳೆಯದನ್ನು ಅಲ್ಲಿ ಕೂರಿಸಿದೆ. ವೈರು ಸಿಕ್ಕಿಸುವುದೊಂದೇ ಬಾಕಿ. ಅಷ್ಟರಲ್ಲಿ ಹೆಂಡತಿ ಮಂಚದ ಅಂಚಿನಿಂದ ಬಗ್ಗಿ ಹೇಳಿದಳು.

"ರೀ, ಒಂದ್ನಿಮಿಷ. ಆಗ ಪೆನ್ಸಿಲ್ ಬಿದ್ಮೇಲೆ ನೀವು ಯಾರದೋ ಮನೆ ನಕ್ಷೆ ಬರೀತಾ ಮಾತಾಡ್ಕೊಳ್ತಿದ್ರಿ. 'ಈ ಕೋಣೆ ಅವಳಿಗೆ. ಬೆಳಗಿನ ಬಿಸಿಲು ಮುಖಕ್ಕೆ ಬೀಳಬಾರದು, ಕಿಟಕಿ ಆ ಕಡೆ ಇಡ್ತೀನಿ. ಬೀದಿ ಸದ್ದು ಬರದ ಹಾಗೆ ಗೋಡೆ ದಪ್ಪ ಮಾಡ್ತೀನಿ' ಅಂದ್ರಿ. ಅವಳು ಅಂದ್ರೆ ಯಾರು?"

ನನ್ನ ಕಿವಿ ಬಿಸಿಯಾಯಿತು. ಊರಿನವರ ಮನೆಯಲ್ಲೆಲ್ಲ ಕದ್ದುಮುಚ್ಚಿ ನಾನು ಇವಳಿಗೊಂದು ಕೋಣೆ ಕಟ್ಟುತ್ತಿರುವ ಗುಟ್ಟು ಹೀಗೆ ಬಯಲಾಗಬೇಕೆ!

"ಇನ್ಯಾರು? ನೀನೇ."

"ಗೊತ್ತು" ಎಂದಳು. ಅವಳ ಕೆಂಪು ಕಣ್ಣಿನಲ್ಲಿ ನೀರಾಡಿತು. ಇಷ್ಟು ವರ್ಷ ಈ ದರಿದ್ರ ಫ್ಯಾನು ನನ್ನ ಹೃದಯದ ಮಾತನ್ನೇ ಅವಳಿಂದ ಮುಚ್ಚಿಟ್ಟಿತ್ತಲ್ಲ! ವೈರನ್ನು ಕೆಳಗಿಟ್ಟು ಕೇಳಿದೆ: "ಹಾಗಾದ್ರೆ ಈ ಫ್ಯಾನು ಬೇಡ ಅಲ್ವಾ?"

"ಅದಾದ್ಮೇಲೆ ಹಾಡಿದ್ರಲ್ಲ, ಅದೂ ಕೇಳಿಸ್ತು" ಎಂದಳು ಕಣ್ಣೊರೆಸಿಕೊಂಡು. "ಬೇಗ ಹಾಕಿ."

ಹಾಕಿದೆ. 'ಘುಂಯ್' ಎಂದಿತು. ಅವಳು ಏನೋ ಹೇಳಲು ಬಾಯಿ ತೆರೆದಳು, ಮಾತು ಅರ್ಧಕ್ಕೇ ನಿಂತು ನಿದ್ದೆಗೆ ಜಾರಿದಳು. ಆ ಸದ್ದು ಕೋಣೆಯನ್ನೆಲ್ಲ ತುಂಬಿ, ಗಡಿಯಾರ, ನಲ್ಲಿ, ಕುರ್ಚಿ, ಬೀದಿ ಎಲ್ಲವನ್ನೂ ಮೆಲ್ಲಗೆ ಮುಳುಗಿಸಿಕೊಂಡಿತು. ಸಂಜೆ ಅವಳು ಎದ್ದಾಗ ಕಣ್ಣು ತಿಳಿಯಾಗಿತ್ತು. ದೊಡ್ಡ ಸಿಸ್ಟರ್ ಮುಖ ನೋಡಿಯೇ ವಾರ್ಡಿಗೆ ಬಿಟ್ಟರಂತೆ.

ಈಗ ನಮ್ಮ ಕಂಪ್ಯೂಟರಿನಲ್ಲಿ ಎರಡು ಫ್ಯಾನು. ಹೊಸದು ಕಂಪ್ಯೂಟರಿಗೆ, ಹಳೆಯದು ಹೆಂಡತಿಗೆ. ಆ ಘುಂಯ್‌ಗಾನದ ಮರೆಯಲ್ಲಿ ನಾನು ಧಾರಾಳವಾಗಿ ಬಚ್ಚಲಿನೊಂದಿಗೆ ಜಗಳವಾಡುತ್ತೇನೆ, ಮೆಟ್ಟಿಲನ್ನು ರಮಿಸುತ್ತೇನೆ, ಅವಳ ಕೋಣೆಗೆ ಕಿಟಕಿ ಇಡುತ್ತೇನೆ. ನಿನ್ನೆ ಮಧ್ಯಾಹ್ನ ಒಂದು ನಕ್ಷೆ ಬಹಳ ಚೆನ್ನಾಗಿ ಕೂತಿತು. ಇನ್ನು ಯಾರ ಹಂಗೂ ಇಲ್ಲವೆಂದು ಗಂಟಲು ಬಿಚ್ಚಿ ಹಾಡಿದೆ. ಹೆಂಡತಿ ಮಿಸುಕಲಿಲ್ಲ. ಎದೆಯುಬ್ಬಿಸಿ ಎರಡನೆಯ ಚರಣಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಡುಮನೆಯಿಂದ ದನಿ ಬಂತು:

"ಅಳಿಯಂದ್ರೇ, ಆ ಡಬ್ಬದಲ್ಲಿ ಮೂರನೇ ಫ್ಯಾನಿಗೆ ಜಾಗ ಇದೆಯಾ?"